ಮೊದಲಿಗೇ ಹಾಡಿದ ಭೈರವಿ

ವಿಜಾಪುರ, ಕಾಲೇಜಿನ ಬೋರ್ಡಿಂಗ್
ರವಿವಾರ, ೧೯ ಜನೆವರಿ ೧೯೪೭

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಗುರಲಿಂಗನ ನಮಸ್ಕಾರ. ನಿನ್ನ ಕೆಮ್ಮು ಹೇಗಿದೆ? ಗದಗಿನ ಧೂಳು ನಿನಗೆ ಆಗಿಬರುವುದಿಲ್ಲ, ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ ಹಾಡಿ ಹಾಡಿ ಗಂಟಲು ಸುಟ್ಟುಕೊಂಡು ಬೆಳಗಿನ ಚಳಿಯಲ್ಲಿ ತಲೆಯ ಮೇಲೆ ಸೆರಗೂ ಇಲ್ಲದೆ ಓಡಾಡುತ್ತೀ ಎಂದು ತಬಲಾದ ಯಾಕೂಬ ಚಾಚಾ ನನ್ನ ಮುಂದೆ ದೂರಿದರು. ಬಿಸಿನೀರಿಗೆ ಅಜವಾನ ಹಾಕಿ ಕುಡಿ. ಸಣ್ಣವನಿದ್ದಾಗ ಮೂಗು ಹಿಡಿದು ನನಗೆ ಅದನ್ನೇ ಕುಡಿಸುತ್ತಿದ್ದಿಯಲ್ಲ, ಈಗ ನಿನ್ನ ಸರದಿ. ನಾನು ಆರಾಮ ಇದ್ದೇನೆ. ಆರಾಮ ಎಂದರೆ ಜ್ವರ ಇಲ್ಲ, ಊಟ ಸೇರುತ್ತದೆ. ಉಳಿದದ್ದೆಲ್ಲ ಮೊದಲಿನ ಹಾಗೆಯೇ. ಯಾರಾದರೂ ಹೆಸರು ಹಿಡಿದು ಕರೆದರೆ ಅಂಗೈ ಬೆವರುತ್ತದೆ, ಲಾಜಿಕ್ ಕ್ಲಾಸಿನಲ್ಲಿ ಪ್ರಶ್ನೆ ನನ್ನ ಬೆಂಚಿನ ಹತ್ತಿರ ಬರುವುದಕ್ಕೆ ಮುಂಚೆಯೇ ಉತ್ತರ ಮರೆತುಹೋಗುತ್ತದೆ. ಸೊಲ್ಲಾಪುರದ ಬೋರ್ಡಿಂಗ್ ಶಾಲೆ ನನಗೆ ಇಂಗ್ಲಿಷ್ ಕಲಿಸಿತು, ಧೈರ್ಯ ಕಲಿಸಲಿಲ್ಲ. ಇಲ್ಲಿಯ ಹುಡುಗರಿಗೆ ನಾನು ಅರ್ಧ ಸಾಹೇಬ. ನನ್ನ ಕನ್ನಡ ಕೇಳಿ ನಗುತ್ತಾರೆ, ಇಂಗ್ಲಿಷ್ ಕೇಳಿದರೆ ಸಿಟ್ಟಾಗುತ್ತಾರೆ.

ನಿನ್ನ ಕಾರ್ಡು ಶುಕ್ರವಾರ ಸಿಕ್ಕಿತು. ಒಂದು ಕಾರ್ಡಿನಲ್ಲಿ ಎಷ್ಟು ಬೈಗುಳ ಹಿಡಿಸುತ್ತದೋ ಅಷ್ಟನ್ನೂ ತುಂಬಿಸಿದ್ದೀ. "ತಪ್ಪಾತ್ರಿ ಅಂದಬಿಡು ತಮ್ಮಾ, ಮೂಗೇನ ಉದರೂದಿಲ್ಲ. ಹಾಡು ಊರ ಬಾವಿ ಇದ್ದಾಂಗ, ಯಾರರೆ ಸೇದಲಿ. ನೀ ಓದು." ಓದಿದೆ ಅಕ್ಕಾ, ಓದಿ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ. ಆದರೆ ತಪ್ಪಾಯಿತು ಅನ್ನುವುದಿಲ್ಲ. ನಾಳೆ ಸೋಮವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಕಾಲೇಜಿನ ಮುಂದೆ ನಿಂತು ನಾನು ಎರಡು ಮಾತು ಹೇಳಬೇಕಂತೆ. ಆ ಹಾಡು ಪರಂಪರೆಯಿಂದ ಬಂದದ್ದು, ಅದನ್ನು ಕಟ್ಟಿದವರು ಯಾರೂ ಇಲ್ಲ, ಇದು ಮೊದಲನೆಯ ಮಾತು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ದಿನ ಗಾಬರಿಯಾಗಿ, ಹಾಡಬಾರದ ಹೊತ್ತಿನಲ್ಲಿ ಅದನ್ನು ತಪ್ಪಿ ಹಾಡಿಬಿಟ್ಟೆ, ಇದು ಇನ್ನೊಂದು. ಹೇಳದಿದ್ದರೆ ಸಂಜೆಯೊಳಗೆ ಹಾಸಿಗೆ ಸುತ್ತಿಕೊಂಡು ಬೋರ್ಡಿಂಗ್ ಬಿಡಬೇಕು. ಎರಡೂ ಸುಳ್ಳು. ಗಾಬರಿಯಾಗಿತ್ತು, ನಿಜ, ತಪ್ಪಿ ಮಾತ್ರ ಹಾಡಲಿಲ್ಲ.

ಬಾವಿಯ ಮಾತು ತೆಗೆದಿದ್ದೀ, ಅದಕ್ಕೂ ಉತ್ತರ ಕೇಳು. ಈ ಊರಿನ ತಾಜ ಬಾವಡಿಯ ನೀರನ್ನು ಮುನ್ನೂರು ವರ್ಷದಿಂದ ಯಾರು ಯಾರೋ ಸೇದಿದ್ದಾರೆ. ಆದರೂ ಇವತ್ತಿಗೂ ಒಬ್ಬ ಹೆಂಗಸಿನ ಹೆಸರು ಹಿಡಿದೇ ಅದನ್ನು ಕರೆಯುತ್ತಾರೆ. ಹೆಸರು ಇದ್ದ ಮಾತ್ರಕ್ಕೆ ಯಾರ ಕೊಡವೂ ಖಾಲಿ ಬಂದಿಲ್ಲ.

ನಡೆದದ್ದನ್ನು ನೀನು ಯಾಕೂಬ ಚಾಚಾನ ಬಾಯಿಂದ ಮಾತ್ರ ಕೇಳಿದ್ದೀ. ನಿನ್ನ ಕಂಪನಿಯಲ್ಲಿ ಅಷ್ಟು ವರ್ಷ ತಬಲಾ ಬಾರಿಸಿದವರು, ನಿನ್ನ ಮೇಲೆ ಅವರಿಗೆ ಜೀವ. ಆದ್ದರಿಂದ ನಿನಗೆ ನೋವಾಗುವುದನ್ನೆಲ್ಲ ಬಿಟ್ಟು ಹೇಳಿರುತ್ತಾರೆ. ನಾನು ಬಿಡುವುದಿಲ್ಲ.

ತಿಕೋಟೆಯ ಬೇವಿನ ಗಿಡದ ಕೆಳಗಿನ ಆ ಮುಂಜಾನೆ ನಿನಗೆ ನೆನಪಿರಲೇಬೇಕು. ನನಗೆ ಎಂಟು ವರ್ಷ. ಅವ್ವ ತೀರಿಕೊಂಡಿದ್ದಳು, ನೀನು ಬಬಲೇಶ್ವರದ ಗಂಡನ ಮನೆಯಿಂದ ಬಿಳಿ ಸೀರೆಯಲ್ಲಿ ತಿರುಗಿ ಬಂದಿದ್ದೆ, ನನ್ನನ್ನು ಸಾಕಿದವಳು ನೀನೇ. ಅರಳೆ ಅಂಗಡಿ ನಡೆಸುವ ಅಪ್ಪನಿಗೆ ಮಗ ಇಂಗ್ಲಿಷ್ ಓದಬೇಕೆಂಬ ಹಟ. ಸೊಲ್ಲಾಪುರಕ್ಕೆ ಬಿಟ್ಟು ಬರಲು ಕಾಕಾ ಸಿದ್ಧನಾಗಿ ನಿಂತಿದ್ದ, ಮೋಟಾರು ಇನ್ನೂ ಬಂದಿರಲಿಲ್ಲ. ನೀನು ರೊಟ್ಟಿ, ಶೇಂಗಾ ಚಟ್ನಿ ಅರಿವೆಯಲ್ಲಿ ಕಟ್ಟುತ್ತ, ಗಂಟಿಗೆ ಒಂದೊಂದು ಮಾತು ಸೇರಿಸುತ್ತ, ಬಾಯೊಳಗೇ ಹಾಡು ಕಟ್ಟಿದೆ:

ದಾರಿ ಬುತ್ತಿ ಕಟ್ಟೇನಿ ತಮ್ಮಾ, ಗಂಟ ಬಿಚ್ಚಬ್ಯಾಡ
ತಿಕೋಟಿ ಬೇವು ಕಣ್ಣ ತಪ್ಪೂತನಕ ಹಿಂದಕ ನೋಡಬ್ಯಾಡ

ಹಿಂದಕ್ಕೆ ನೋಡದೆ ಇದ್ದರೆ ಬೇವು ಕಣ್ಣಿಗೆ ತಪ್ಪಿತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು ಎಂದು ನಾನು ಕೇಳಿದೆ. ನೀನು ನನ್ನ ಟೊಪ್ಪಿಗೆ ಸರಿಮಾಡಿದೆ, ಅದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಮೋಟಾರು ಬಂತು. ಯಾವಾಗ ತಿರುಗಿ ನೋಡಬಹುದೆಂದು ಗೊತ್ತಾಗದೆ ನಾನು ವಿಜಾಪುರದ ಸ್ಟೇಶನ್ ಬರುವತನಕ ಕತ್ತು ಬಿಗಿಹಿಡಿದು ಕೂತಿದ್ದೆ. ಕಾಕಾ ನನಗೆ ವಾಯು ಹಿಡಿದಿದೆ ಎಂದು ತಿಳಿದು ಕುತ್ತಿಗೆಗೆ ಎಣ್ಣೆ ತಿಕ್ಕಿದ.

ಆಮೇಲೆ ನೀನು ಕಂಪನಿ ಸೇರಿದ್ದು, ಅಪ್ಪ ನೀನು ಬಾರಿಸುತ್ತಿದ್ದ ಪೇಟಿಯನ್ನು ಅಟ್ಟಕ್ಕೆ ಹಾಕಿಸಿ ನಿನ್ನ ಹೆಸರು ಈ ಮನೆಯಲ್ಲಿ ಕೇಳಿಸಬಾರದು ಎಂದದ್ದು, ಎಲ್ಲ ನನಗೆ ಸೊಲ್ಲಾಪುರದಲ್ಲಿ ಚೂರು ಚೂರಾಗಿ ತಿಳಿಯಿತು. ಆ ಹಾಡಿನಿಂದಲೇ ನಿಮ್ಮ ಕಂಪನಿ ಪ್ರತಿ ನಾಟಕ ಮುಗಿಸುತ್ತಿತ್ತೆಂದು ಮಾತ್ರ ಯಾರೂ ನನಗೆ ಹೇಳಿರಲಿಲ್ಲ. ಹೀಗಾಗಿ ಹೋದ ಬೇಸಿಗೆಯಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದು ಕಾಖಂಡಕಿಯ ಒಂದು ಮದುವೆಗೆ ಹೋದಾಗ, ಹುಡುಗಿಯನ್ನು ಕಳಿಸುವ ಹೊತ್ತಿಗೆ ಬ್ಯಾಂಡಿನವರು ಊದತೊಡಗಿದ್ದನ್ನು ಕೇಳಿ ನನ್ನ ಕೈಯ ಹೋಳಿಗೆ ಕೈಯಲ್ಲೇ ಉಳಿಯಿತು. ಹೆಂಗಸರು ದನಿಗೂಡಿಸಿದರು, ತಮ್ಮಾ ಇದ್ದಲ್ಲಿ ಮಗಳೇ ಎಂದರು. ಯಾರ ಹಾಡು ಎಂದು ಕೇಳಿದರೆ ಒಬ್ಬ ಮುದುಕಿ, ಇದು ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದ್ದು ಎಂದಳು. ಅಕ್ಕಾ, ಆ ಹಾಡು ನನಗಿಂತ ಎಂಟು ವರ್ಷ ಸಣ್ಣದು. ಬಬಲೇಶ್ವರದ ಭಜನೆಯವರು ತಮ್ಮಾ ತೆಗೆದು ಗುರುವೇ ಎಂದು ಹಾಕಿದ್ದಾರೆ. ಮೊಹರಮ್ಮಿಗೆ ಹೆಜ್ಜೆ ಹಾಕುವವರು ಅದನ್ನೇ ಹಲಗೆಯ ಏಟಿಗೆ ಎಳೆದು ಶರಣರೇ ಎನ್ನುತ್ತಾರೆ. ಗೋಳಗುಮ್ಮಟದ ಟಾಂಗಾದವರು ಶಬ್ದವನ್ನೆಲ್ಲ ಬಿಟ್ಟು ಬರೀ ಸಿಳ್ಳು ಹಾಕುತ್ತಾರೆ. ಎಲ್ಲರೂ ಅದನ್ನು ಕಡೆಗೇ ಹಾಡುತ್ತಾರೆ. ಎಲ್ಲರೂ ನನ್ನನ್ನು ತೆಗೆದುಹಾಕಿದ್ದಾರೆ. ಬೇವಿನ ಗಿಡವನ್ನು ಮಾತ್ರ ಯಾರೂ ಕಿತ್ತಿಲ್ಲ. ತಮ್ಮ ಊರಿನಲ್ಲಿ ಅಷ್ಟು ಬೇವು ಇರುವಾಗ ತಿಕೋಟೆಯ ಬೇವು ಯಾಕೆ ಎಂದು ಬಬಲೇಶ್ವರದವರನ್ನು ಕೇಳಿದೆ. ಹಾಡಿನಾಗ ಹಂಗ ಐತಿ ಎಂದರು.

ಈಗ ಗ್ಯಾದರಿಂಗಿನ ಸುದ್ದಿ. ಅದರ ಹೊಣೆ ನಮ್ಮ ಪ್ರೊಫೆಸರ್ ಬಸಲಿಂಗಯ್ಯನವರದು. ಕೆಟ್ಟ ಮನುಷ್ಯರಲ್ಲ, ನನಗೆ ಎರಡು ಸಲ ಚಹಾ ಕುಡಿಸಿದ್ದಾರೆ. ಈ ವರ್ಷ ಎಲ್ಲ ಬಗೆಯ ಸಂಗೀತದಲ್ಲಿ ಎಲ್ಲರಿಗೂ ಬರಬೇಕಾದ ಸ್ಟ್ಯಾಂಡರ್ಡ್ ಹಾಡುಗಳನ್ನು ಒಂದೇ ವೇದಿಕೆಗೆ ತರಬೇಕೆಂಬುದು ಅವರ ಆಸೆ. ಖಯಾಲ್ ಗಾಯನಕ್ಕೆ ಮಿರಜ ಕಡೆಯ ಒಬ್ಬ ವಯಸ್ಸಾದ ಖಾನಸಾಹೇಬರು, ನಾಟಕದ ಪದಗಳಿಗೆ ನಮ್ಮ ಸೀನಿಯರ್ ಹುಡುಗರು, ಭಜನೆಗೆ ಬಬಲೇಶ್ವರದ ತಂಡ, ಫಿಡಲು ಕ್ಲಾರಿನೆಟ್ಟಿನ ಆರ್ಕೆಸ್ಟ್ರಾ. ರಿಹರ್ಸಲ್ಲಿನಲ್ಲಿ ನೋಡಿದರೆ ಖಾನಸಾಹೇಬರನ್ನು ಬಿಟ್ಟು ಎಲ್ಲರೂ ಮುಕ್ತಾಯಕ್ಕೆಂದು ಅದೇ ಹಾಡನ್ನು ಕಲಿತುಬಂದಿದ್ದಾರೆ! ಭಜನೆಯವರಿಗೂ ಆರ್ಕೆಸ್ಟ್ರಾದವರಿಗೂ ಜಗಳ ಹತ್ತಿತು. ಕಡೆಗೆ ಆರ್ಕೆಸ್ಟ್ರಾ ಬಾರಿಸಲಿ, ಎಲ್ಲರೂ ಕೂಡಿ ಹಾಡಲಿ ಎಂದು ತೀರ್ಮಾನವಾಯಿತು. ಪ್ರೊಗ್ರಾಮಿನಲ್ಲಿ ಅದರ ಮುಂದೆ ಟ್ರೆಡಿಶನಲ್ ಎಂದು ಅಚ್ಚು ಹಾಕಿಸುವುದೆಂದೂ ಆಯಿತು.

ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ ನನಗೇ ಗೊತ್ತಿಲ್ಲ, ಎತ್ತಿದ ಮೇಲೆ ಇಳಿಸಲು ಆಗಲಿಲ್ಲ. ಸರ್, ಅದನ್ನು ಕಟ್ಟಿದವರು ಇದ್ದಾರೆ, ತಿಕೋಟೆಯ ಕಾಶಿಬಾಯಿ, ನಮ್ಮ ಅಕ್ಕ ಎಂದೆ. ಹಿಂದಿನಿಂದ ಯಾರೋ, "ನಾಟಕದಾಕಿ ಹೌದಿಲ್ಲೋ?" ಎಂದರು. ನಕ್ಕರು. ಬಸಲಿಂಗಯ್ಯನವರು ನಗಲಿಲ್ಲ. ಹಾಡುವವರು ಬೇರೆ, ಕಟ್ಟುವವರು ಬೇರೆ, ನಿಮ್ಮ ಅಕ್ಕ ಹಾಡಿರಬಹುದು ಎಂದರು. ಒಂದು ಹಾಡು ಎಲ್ಲರದೂ ಆದಾಗ ಅದರ ಹೆಸರು ತಾನೇ ಉದುರಿಹೋಗುತ್ತದೆ, ಅದೇ ಅದರ ದೊಡ್ಡಸ್ತಿಕೆ ಎಂದರು. ಹಾಗಾದರೆ ಖಯಾಲಿನ ಮುಂದೆ ಉಸ್ತಾದರ ಹೆಸರು ಯಾಕಿದೆ ಸರ್, ನಾಟಕದ ಪದಗಳ ಮುಂದೆ ಬರೆದವರ ಹೆಸರು ಯಾಕೆ ಉದುರಿಲ್ಲ ಎಂದು ನಾನು ಕೇಳಿದೆ. ಆಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ ಅಸಲು ಮಾತು ಹೇಳಿದರು. ಸಭೆಯಲ್ಲಿ ದೊಡ್ಡವರು ಇರುತ್ತಾರೆ, ಅವರ ಮನೆಯ ಹೆಣ್ಣುಮಕ್ಕಳು ಇರುತ್ತಾರೆ, ಕಂಪನಿ ಹೆಂಗಸಿನ ಹೆಸರು ಅಲ್ಲಿ ಬೇಡ. ಮುಂದಿನ ಸಾಲಿನಲ್ಲಿ ನಿಮ್ಮ ತಂದೆಯವರೂ ಕೂಡುತ್ತಾರಲ್ಲ, ಅವರ ಮಾನವನ್ನಾದರೂ ನೋಡು. ನನ್ನ ಸಮಾಧಾನಕ್ಕೆಂದು ಆರಂಭದ ಪ್ರಾರ್ಥನೆಯನ್ನು ನನಗೆ ಕೊಟ್ಟರು.

ಪ್ರಾರ್ಥನೆಯನ್ನು ಪ್ರಾಮಾಣಿಕವಾಗಿಯೇ ಕಲಿತೆ. ಬೋರ್ಡಿಂಗಿನಲ್ಲಿ ನಗುತ್ತಾರೆಂದು ಗೋಳಗುಮ್ಮಟದೊಳಗೆ ಹೋಗಿ ಹಾಡಿ ನೋಡಿದೆ. ಅದರಷ್ಟು ನಿರುಪಯೋಗಿ ಜಾಗ ಇನ್ನೊಂದಿಲ್ಲ. ನಿನ್ನೆಯ ಸ್ವರ ಮುಗಿಯುವುದರೊಳಗೆ ಇವತ್ತಿನದು ಅದರ ಮೇಲೆ ಬಂದು ಬೀಳುತ್ತದೆ. ಕಾವಲುಗಾರ ಬುಡ್ಡೇಸಾಬ, ಊಟಾ ಮಾಡಿ ಬರ್ರಿ, ದನೀನ ಹತ್ತೂದಿಲ್ಲ ಎಂದ.

ಸಂಕ್ರಮಣಕ್ಕೆ ಮುಂಚಿನ ಶನಿವಾರ ಸಂಜೆ ಕಾಲೇಜಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಪ್ಪ, ಅವರ ಪಕ್ಕದಲ್ಲಿ ಅರಳೆ ಪೇಟೆಯ ಖಂಡಪ್ಪ ಸಾವಕಾರರು. ತಬಲಾಕ್ಕೆ ಯಾಕೂಬ ಚಾಚಾ. ಬಾಯಿ ತೆರೆಯುವ ಮುಂಚೆ ಅಪ್ಪನ ಕಡೆಗೆ ನೋಡಿದೆ. ನನ್ನನ್ನು ಮೋಟಾರು ಹತ್ತಿಸಿದ ದಿನ ಹೇಗೆ ನಿಂತಿದ್ದರೋ ಅದೇ ಮುಖ. ಈ ಹಾಡನ್ನು ಕಟ್ಟಿದವರು ತಿಕೋಟೆಯ ಕಾಶಿಬಾಯಿ, ನನ್ನ ಅಕ್ಕ ಎಂದು ಹೇಳಿ, ದಾರಿ ಬುತ್ತಿ ಎಂದು ಎತ್ತಿಕೊಂಡೆ. ಯಾಕೂಬ ಚಾಚಾ ಒಂದು ಕ್ಷಣ ನನ್ನ ಮುಖ ನೋಡಿ, ತಬಲಾಕ್ಕೆ ಕೈ ಇಟ್ಟರು. ತಮ್ಮಾ ಇದ್ದಲ್ಲಿ ತಮ್ಮಾ ಎಂದೇ ಹಾಡಿದೆ. ಚೆನ್ನಾಗಿ ಹಾಡಿದೆನೆಂದು ಹೇಳುವುದಿಲ್ಲ, ಮೇಲಿನ ಸ್ವರ ಒಡೆಯಿತು. ಆದರೆ ಪೂರಾ ಹಾಡಿದೆ.

ಮುಂದಾದದ್ದನ್ನು ನಾನು ಎಣಿಸಿರಲಿಲ್ಲ. ನಿನ್ನ ಹಾಡು ಭೈರವಿ ರಾಗದ್ದು, ಸಭೆಯಲ್ಲಿ ಭೈರವಿಯ ಮೇಲೆ ಮತ್ತೊಂದು ಹಾಡಿಲ್ಲ ಎಂಬುದು ನಿನಗೆ ಉಸಿರಿನಷ್ಟು ಸಹಜ; ಸೊಲ್ಲಾಪುರದಲ್ಲಿ ಬೆಳೆದ ನನಗೆ ಅದು ಕೇಳಿದ ಮಾತು ಅಷ್ಟೇ. ಅಲ್ಲಿ ಸಭೆಯ ಕಡೆಗೆ ಇಂಗ್ಲಿಷ್ ರಾಜನ ಹಾಡು ಬಂದಾಗ ಬೆತ್ತಕ್ಕೆ ಹೆದರಿ ಎದ್ದು ನಿಲ್ಲುತ್ತಿದ್ದೆವು. ಇಲ್ಲಿ ಯಾರೂ ಹೆದರಿಸಲಿಲ್ಲ. ನಾನು ಮುಗಿಸಿದ ಕೂಡಲೇ ಯಾಕೂಬ ಚಾಚಾ ತಬಲಾದ ಮೇಲೆ ಬಟ್ಟೆ ಮುಚ್ಚಿ ನಮಸ್ಕಾರ ಮಾಡಿ ಎದ್ದುಬಿಟ್ಟರು. ಬಸಲಿಂಗಯ್ಯನವರು ಓಡಿಬಂದು, ಇದು ಇನ್ನೂ ಶುರು, ಕೂತುಕೊಳ್ಳಿ ಎಂದರು. "ಭೈರವಿ ಆತಲ್ರಿ ಸರ. ಇನ್ನ ಮ್ಯಾಲ ನನ್ನ ಕೈ ಏಳೂದಿಲ್ಲ" ಎಂದರು ಚಾಚಾ. ಖಾನಸಾಹೇಬರ ಹತ್ತಿರ ಹೋದರೆ ಅವರು ಆಗಲೇ ತಂಬೂರಿಗೆ ಗವಸು ಹಾಕಿಸುತ್ತಿದ್ದರು. ಎರಡೂ ಕೈಯಿಂದ ಕಿವಿ ಮುಟ್ಟಿಕೊಂಡು ತಲೆ ಅಲ್ಲಾಡಿಸಿದರು. ಭಜನೆಯವರು ತಾಳ ಚೀಲಕ್ಕೆ ಹಾಕಿದರು. ಹೆಂಗಸರು ಮಲಗಿದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡರು. ಖಂಡಪ್ಪ ಸಾವಕಾರರು ಚಪ್ಪಲಿ ಹುಡುಕುತ್ತ, "ಲಗೂ ಮುಗಿಸಿದ್ರಿ, ಭಾಳ ಚಲೋ ಆತು. ಹೋದ ವರ್ಷ ಕುಂತ ಕುಂತ ನಡಾ ಹಿಡದಿತ್ರಿ" ಎಂದು ಬಸಲಿಂಗಯ್ಯನವರ ಕೈ ಹಿಡಿದು ಅಭಿನಂದಿಸಿದರು. ಪ್ರೊಫೆಸರು ಬೇಡ ಬೇಡವೆಂದು ಕೈ ಬೀಸುತ್ತಿದ್ದದ್ದನ್ನು ಹಿಂದಿನವರು ಬೀಳ್ಕೊಡುಗೆ ಎಂದು ತಿಳಿದು ತಾವೂ ಕೈ ಬೀಸಿದರು. ಅಧ್ಯಕ್ಷರ ಭಾಷಣ ಅವರ ಕಿಸೆಯಲ್ಲೇ ಮನೆಗೆ ಹೋಯಿತು.

ಹಾಲ್ ಖಾಲಿಯಾದ ಮೇಲೆ ಅಪ್ಪ ಒಬ್ಬರೇ ಕೂತಿದ್ದರು, ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು. ಬೈಯುತ್ತಾರೆಂದು ನಾನು ವೇದಿಕೆಯ ಮೇಲೆ ನಿಂತೇ ಇದ್ದೆ. ಅವರು ಎದ್ದು, ನನ್ನ ಮುಂದೆಯೇ ಹಾದು ಹೊರಟುಹೋದರು. ಅವತ್ತಿನಿಂದ ತಿಕೋಟೆಯಿಂದ ಒಂದು ಸುದ್ದಿ ಇಲ್ಲ.

ಮರುದಿನ ಬಸಲಿಂಗಯ್ಯನವರು ಮೂರನೆಯ ಸಲ ಚಹಾ ಕೊಟ್ಟರು. ಹುಡುಗ ನರ್ವಸ್ ಆಗಿದ್ದ ಎಂದರೆ ಎಲ್ಲರೂ ಒಪ್ಪುತ್ತಾರೆ, ನಿನ್ನನ್ನು ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ ಎಂದರು. ಅಕ್ಕಾ, ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಇದಕ್ಕೇ. ಹುಟ್ಟಿದಾಗಿನಿಂದ ನಾನು ಅಂಜುತ್ತಲೇ ಬಂದವನು, ಒಂದೇ ಒಂದು ಸಲ ಅಂಜುತ್ತಂಜುತ್ತಲೇ ಮಾಡಬೇಕಾದದ್ದನ್ನು ಮಾಡಿದೆ. ಅದನ್ನೂ ಅಂಜಿಕೆಯ ಲೆಕ್ಕಕ್ಕೆ ಬರೆದುಕೊಟ್ಟು ಬದುಕು ಎನ್ನುತ್ತಾರೆ. ನೀನೂ ಅದನ್ನೇ ಅನ್ನುತ್ತೀ. ಹೆಸರು ನನಗೆ ಬೇಡ ಎಂದು ಬರೆದಿದ್ದೀಯಲ್ಲ, ನಿನ್ನ ಹೆಸರು ನಿನ್ನೊಬ್ಬಳದೇ ಏನು? ಆ ಹಾಡಿನಲ್ಲಿ ಬುತ್ತಿ ಕಟ್ಟಿಸಿಕೊಂಡವನು ನಾನು. ನಿನ್ನನ್ನು ತೆಗೆದರೆ ನನಗೆ ರೊಟ್ಟಿ ಕಟ್ಟಿಕೊಟ್ಟವರು ಯಾರೂ ಇಲ್ಲವೆಂದಾಗುತ್ತದೆ. ಊರೂರು ಹಾಡಲಿ, ಮಗಳೇ ಎನ್ನಲಿ, ಗುರುವೇ ಎನ್ನಲಿ, ಸಿಳ್ಳು ಹಾಕಲಿ, ನನಗೆ ಸಂತೋಷವೇ. ಯಾರೂ ಕಟ್ಟಿಲ್ಲ ಎಂದು ನನ್ನ ಬಾಯಿಂದ ಹೇಳಿಸಲು ಮಾತ್ರ ಆಗುವುದಿಲ್ಲ. ನಾಳೆ ಅಂಜುತ್ತಲೇ ಎದ್ದು ನಿಲ್ಲುತ್ತೇನೆ. ಹೇಳುವುದನ್ನೇ ಹೇಳುತ್ತೇನೆ.

ಕಂಪನಿಯ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಸಂಕ್ರಮಣದ ಕುಸುರೆಳ್ಳು ನಾಲ್ಕು ಕಾಳು ಲಕೋಟೆಯಲ್ಲಿ ಹಾಕಿದ್ದೇನೆ, ಟಪಾಲಿನವರು ಮುದ್ರೆ ಒತ್ತುವಾಗ ಪುಡಿಯಾದರೂ ಪುಡಿಯನ್ನೇ ತಿನ್ನು. ತಲೆಗೆ ಬಟ್ಟೆ ಕಟ್ಟಿಕೊ. ನನ್ನ ಮೇಲೆ ಸಿಟ್ಟಾಗು, ಪರವಾಗಿಲ್ಲ. ಕೈ ಮಾತ್ರ ತಲೆಯ ಮೇಲೆ ಇರಲಿ.

ನೀನು ಸಾಕಿದ,
ಗುರಲಿಂಗ

ತಾ. ಕ. ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದಿದ್ದಾರೆಂದು ಗೇಟಿನಿಂದ ಕರೆ ಬಂತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿವೆ. ಅವರ ಕೈಯಲ್ಲಿ ರೊಟ್ಟಿಯ ಗಂಟು ಇತ್ತು. ಬೋರ್ಡಿಂಗ್ ಬಿಡಿಸುವ ಸುದ್ದಿ ಅವರಿಗೆ ಮುಟ್ಟಿದೆ. ಹಾಸಿಗಿ ಕಟ್ಟೂದು ಬಂದ್ರ ಅಂಗಡ್ಯಾಗ ಜಾಗಾ ಐತಿ ಎಂದರು. ಆಮೇಲೆ ಗಂಟನ್ನು ನನ್ನ ಕೈಗೆ ಕೊಟ್ಟು, "ಕಡೀ ನುಡಿ ಯಾಕ ಬಿಟ್ಟಿ?" ಎಂದು ಕೇಳಿದರು. ಕಡೆಯ ನುಡಿ ಇಲ್ಲವಲ್ಲ ಎಂದೆ. "ಐತಿ. ನೀ ಮೋಟಾರ ಹತ್ತಿ ಹೋದಮ್ಯಾಲ ಹಾಡಿದ್ಳು. ನಾ ಬಾಜೂಕ ನಿಂತಿದ್ದೆ" ಎಂದರು. ಎಂದು, ಅರಳೆಯ ಧಾರಣೆ ಹೇಳುವ ದನಿಯಲ್ಲಿ, ರಾಗವಿಲ್ಲದೆ ಹೇಳಿದರು:

ಹೆಂಗ ತಿಳೀತೈತಿ ಅಂತ ಕೇಳಿದ್ಯೋ ತಮ್ಮಾ, ಹೇಳಲಾರದ ನಿಂತೆ

ಅಲ್ಲಿಗೆ ನಿಲ್ಲಿಸಿದರು. ಮುಂದಿನ ಸಾಲು ಎಂದೆ. "ಅದು ನಾ ಹೇಳೂದಲ್ಲ. ಅಕೀನ ಬಂದು ಹೇಳಲಿ."

ಹಾಗಾದರೆ ಭೈರವಿ ಮುಗಿದಿಲ್ಲ ಅಕ್ಕಾ, ಗ್ಯಾದರಿಂಗೂ ಮುಗಿದಿಲ್ಲ. ನಾಳೆ ಪ್ರಾರ್ಥನೆಯಲ್ಲಿ ನಾನು ಹೇಳುವುದು ಇದನ್ನೇ: ಒಂದು ನುಡಿ ಬಾಕಿ ಇದೆ, ಹಾಡುವವರು ಗದಗಿನಿಂದ ಬರುತ್ತಿದ್ದಾರೆ. ಕಾಗದ ಮುಟ್ಟಿದ ದಿನವೇ ಗಾಡಿ ಹತ್ತು. ಅಪ್ಪ ಹೋಗುವಾಗ ಗೇಟಿನ ಹತ್ತಿರ ತಿರುಗಿ ನಿಂತು ಇಷ್ಟು ಹೇಳಿದರು, ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆಯುತ್ತಿದ್ದೇನೆ: "ಸ್ಟೇಶನ್ನಿಗಿ ನಾ ಬರೂದಿಲ್ಲ. ಟಾಂಗಾ ಕಳಸ್ತೇನಿ."